ಆನೆ ಹೋದರೂ ನಡುಕ ಹೋಗಿಲ್ಲ, ಸೊಮ್ಯಾಟಿಕ್ ಥೆರಪಿ ಪ್ರಯೋಜನವಾ?

ಸಕಲೇಶಪುರ_ಕಾಫಿಗಿಡ:
ನವೆಂಬರಿನಲ್ಲಿ ತೋಟದಲ್ಲಿ ಒಂಟಿ ಸಲಗ ಅಟ್ಟಿಸಿಕೊಂಡು ಬಂತು. ಲೈನ್ ಮನೆ ಹಿಂದೆ ಓಡಿ ಬಚಾವಾದೆ, ಮೈಮೇಲೆ ಒಂದು ಗೀರೂ ಇಲ್ಲ. ಆದರೆ ಈಗಲೂ ಒಣಗಿದ ಸಿಲ್ವರ್ ಓಕ್ ಎಲೆ ಸರಸರ ಅಂದರೆ ಸಾಕು, ಹೊಟ್ಟೆ ಹಿಂಡುತ್ತದೆ, ಕೈ ನಡುಗುತ್ತದೆ. ಅಜ್ಜಿ ನೂಲು ಮಂತ್ರಿಸಿ ಕಟ್ಟಿಸಿದ್ದಾರೆ. ಹಾಸನದಲ್ಲಿ ಒಬ್ಬ ಕೌನ್ಸೆಲರ್ ಹತ್ತಿರ ಹೋದರೆ 'ಅದನ್ನೇ ಯೋಚಿಸಬೇಡಿ' ಅಂದರು. ನಾನೆಲ್ಲಿ ಯೋಚಿಸುತ್ತಿದ್ದೇನೆ, ಮೈ ತಾನಾಗೇ ನಡುಗುತ್ತದೆ ಅಲ್ವಾ? ಸೊಮ್ಯಾಟಿಕ್ ಥೆರಪಿ, ಅಂದರೆ ಮೈಯಲ್ಲಿ ಆಗುವುದನ್ನು ಗಮನಿಸುತ್ತಾ ಭಯ ಇಳಿಸುವ ಚಿಕಿತ್ಸೆ, ಮಾಡಿಸಿದವರು ಯಾರಾದರೂ ಇದ್ದೀರಾ?

ಮಲ್ನಾಡ್_ಮಳೆ:
ಘಾಟಿಯಲ್ಲಿ ಕಾರು ಪಲ್ಟಿಯಾದ ಮೇಲೆ ನಾನು ಆನ್‌ಲೈನಿನಲ್ಲಿ ಮಾಡಿಸಿದೆ. ಆಗಿದ್ದನ್ನೆಲ್ಲ ಪೂರ್ತಿ ಹೇಳಿ ಅನ್ನುವುದಿಲ್ಲ. ಸ್ವಲ್ಪ ನೆನೆಸಿಕೊಳ್ಳಿ, ಮೈಯಲ್ಲಿ ಎಲ್ಲಿ ಬಿಗಿಯಿತು ನೋಡಿ, ಪಾದ ನೆಲಕ್ಕೆ ಒತ್ತಿ ವಾಪಸ್ ಬನ್ನಿ, ಹೀಗೆ ಹೋಗಿ ಬರುವುದು ಅಷ್ಟೇ. ನನಗೆ ಬಲಗಾಲು ಗಟ್ಟಿಯಾಗುತ್ತಿತ್ತು, ಬ್ರೇಕ್ ಒತ್ತುವ ಕಾಲು! ಅದು ಗೊತ್ತಾಗುವುದಕ್ಕೇ ಮೂರು ವಾರ ಬೇಕಾಯಿತು.

ಕಡೂರ್_ತೆಂಗು:
ಅಮೆರಿಕದ ಪೀಟರ್ ಲೆವಿನ್ ಬೆಳೆಸಿದ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಇದರಲ್ಲಿ ಹೆಸರಾದದ್ದು. ಆದರೆ ಪುರಾವೆ ಇನ್ನೂ ಕಮ್ಮಿ. ಟ್ರಾಮಾಗೆ (ಇಂಥ ಆಘಾತ ಮನಸ್ಸಲ್ಲಿ ಉಳಿದದ್ದಕ್ಕೆ) ಇಎಂಡಿಆರ್ (ಕಣ್ಣು ಆಚೀಚೆ ಆಡಿಸುತ್ತಾ ಆ ನೆನಪಿನ ತೀವ್ರತೆ ಇಳಿಸುವ ಚಿಕಿತ್ಸೆ) ಮತ್ತು ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ), ಇವೆರಡಕ್ಕೂ ಪುರಾವೆ ಜಾಸ್ತಿ ಇದೆ. ಎರಡು ದಿನದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರ ಹತ್ತಿರ ಸುಮ್ನೆ ದುಡ್ಡು ಸುರಿಯಬೇಡಿ. ಮೊದಲು ಸೈಕಿಯಾಟ್ರಿಸ್ಟ್‌ಗೆ ತೋರಿಸಿ, ಇಲ್ಲ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೂ ಮಾತಾಡುತ್ತಾರೆ. ನಡುಕ ಬಂದಾಗ ಉಸಿರು ಬಿಡುವುದನ್ನು ಉದ್ದ ಮಾಡಿ, ಎದೆಬಡಿತ ನಿಧಾನಕ್ಕೆ ಇಳಿಯುತ್ತದೆ.

ಸಕಲೇಶಪುರ_ಕಾಫಿಗಿಡ:
ಪಾದ ಒತ್ತುವುದು ಈಗಲೇ ಮಾಡಿ ನೋಡಿದೆ. ನಾಳೆ ಫೋನ್ ಮಾಡುತ್ತೇನೆ. ನೂಲು ಮಾತ್ರ ಬಿಚ್ಚಲ್ಲ, ಅಜ್ಜಿ ಬೈತಾರೆ.