ಮಳೆ ಕೊರತೆಗೂ ಗುಳೆಗೂ ನಂಟೇ ಇಲ್ಲ ಅಂತಿದೆ ಅಂಕಿಅಂಶ. ಎಲ್ಲಿ ತಪ್ಪಿದೆ?

ಎರೆಹೊಲ:
ರಾಯಚೂರು, ಯಾದಗಿರಿ ಜಿಲ್ಲೆಗಳ ಗುಳೆ ಬಗ್ಗೆ ಪಿಎಚ್‌ಡಿ ಪ್ರಸ್ತಾವ ಸಿದ್ಧವಾಗುತ್ತಿದೆ. 2011ರ ಜನಗಣತಿಯ ಡಿ-3 ಕೋಷ್ಟಕದಿಂದ ‘ಕೆಲಸಕ್ಕಾಗಿ ವಲಸೆ’, ಹವಾಮಾನ ಇಲಾಖೆಯ 0.25 ಡಿಗ್ರಿ ಚೌಕದ ಮಳೆ, ಎರಡನ್ನೂ ಜಿಲ್ಲಾವಾರು ಜೋಡಿಸಿ ರಿಗ್ರೆಶನ್ (ಎರಡರ ನಂಟು ಅಳೆಯುವ ಲೆಕ್ಕ) ಮಾಡಿದರೆ ಸಂಬಂಧವೇ ಬರುತ್ತಿಲ್ಲ. ಬರದ ಜಿಲ್ಲೆಗಳು ಕೆಳಗೆ, ಬೆಂಗಳೂರು ನಗರ ಮೇಲೆ. ದತ್ತಾಂಶದ ದೋಷವೋ, ವಿಧಾನದ್ದೋ? ಸ್ವಂತ ಸಮೀಕ್ಷೆ ಮಾಡಲೇಬೇಕು ಅನ್ನುವುದಾದರೆ ಎಷ್ಟು ಮನೆ, ಯಾವ ತಿಂಗಳು?

ಕೋಷ್ಟಕಪ್ರಿಯ:
ಕೋಷ್ಟಕ ತಲೆಕೆಳಗಾಗಿದೆ. ಡಿ-3 ಜನರನ್ನು ಎಣಿಸುವುದು ಗಣತಿಯ ಹೊತ್ತಿಗೆ ಅವರು ಎಲ್ಲಿದ್ದರೋ ಅಲ್ಲಿ. ರಾಯಚೂರಿನ ಸಾಲಿನಲ್ಲಿರುವವರು ರಾಯಚೂರಿಗೆ ಬಂದವರು, ಬಿಟ್ಟು ಹೋದವರಲ್ಲ. ಅವರಲ್ಲೂ ದೊಡ್ಡ ಪಾಲು ಮದುವೆಯಾಗಿ ಬಂದ ಹೆಣ್ಣುಮಕ್ಕಳು. ಬೆಂಗಳೂರು ಮೇಲೆ ಬರದೆ ಇನ್ನೇನಾಗುತ್ತದೆ!

1991ರ ಗಣತಿಯಲ್ಲಿ ‘ನೈಸರ್ಗಿಕ ವಿಕೋಪ’ ಅನ್ನುವ ಕಾರಣ ಇತ್ತು, 2001ಕ್ಕೆ ತೆಗೆದರು. ಇದ್ದಿದ್ದರೂ ಹೆಚ್ಚು ಉಪಯೋಗ ಆಗುತ್ತಿರಲಿಲ್ಲ ಅನ್ನಿ. ಜೋಳ ಒಣಗಿ ಗಾರೆ ಕೆಲಸಕ್ಕೆ ಬಂದವರು ಕಾರಣ ಕೇಳಿದರೆ ‘ಕೆಲಸ’ ಅಂತಲೇ ಹೇಳುತ್ತಾರೆ, ‘ಹವಾಮಾನ’ ಅನ್ನುವುದಿಲ್ಲ.

ಗುಳೆಗೆ ಹತ್ತಿರ ಬರುವುದು 2007–08ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 64ನೇ ಸುತ್ತು. ಹಿಂದಿನ 365 ದಿನದಲ್ಲಿ 1 ತಿಂಗಳಿಗೆ ಕಡಿಮೆಯಿಲ್ಲದೆ, 6 ತಿಂಗಳೊಳಗೆ ಕೆಲಸಕ್ಕೆ ಊರು ಬಿಟ್ಟಿದ್ದವರನ್ನು ಅದು ಅಲ್ಪಾವಧಿ ವಲಸಿಗರು ಅನ್ನುತ್ತದೆ. ಆದರೆ ನವೆಂಬರಿನಲ್ಲಿ ಕಬ್ಬು ಕಡಿಯಲು ಹೋದವರು ಕಾರ್ಖಾನೆ ನಿಲ್ಲುವುದು ತಡವಾಗಿ ಮೇ ತಿಂಗಳಲ್ಲಿ ಬಂದರೋ, ಲೆಕ್ಕದಿಂದ ಆಚೆ. ಮನೆಮಂದಿಯೆಲ್ಲ ಹೊರಟಿದ್ದರೆ ಊರಲ್ಲಿ ಬಾಗಿಲಿಗೆ ಬೀಗ, ಅತ್ತ ನಗರದ ಖಾಲಿ ಸೈಟಿನ ತಗಡಿನ ಶೆಡ್ಡು ಮನೆಪಟ್ಟಿಯಲ್ಲೇ ಇರುವುದಿಲ್ಲ. ಎರಡೂ ಕಡೆ ಇಲ್ಲದ ಕುಟುಂಬ. 2020–21ರ ಕಾರ್ಮಿಕ ಬಲ ಸಮೀಕ್ಷೆ ಪಿಎಲ್‌ಎಫ್‌ಎಸ್‌ನಲ್ಲೂ ವಲಸೆಯ ಪ್ರಶ್ನೆಗಳಿವೆ, ಆದರೆ ಅದು ಕೋವಿಡ್ ವರ್ಷ; ಆ ಅಂಕಿಯ ಮೇಲೆ ಬರದ ವಾದ ಕಟ್ಟಬೇಡಿ.

ಗಡಿಗಳನ್ನೂ ನೋಡಿಕೊಳ್ಳಿ. 1997ರಲ್ಲಿ ಕೊಪ್ಪಳ, 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆಗಳಾದವು. ಆಮೇಲೆ ಹೊಸ ತಾಲ್ಲೂಕುಗಳೂ ಬಂದವು. ಹಳೆಯ ಗಡಿಗೆ ಕೂಡಿಸಿಕೊಳ್ಳದೆ ವರ್ಷಗಳನ್ನು ಹೋಲಿಸಿದರೆ ಏರಿಳಿತವೆಲ್ಲ ನಕ್ಷೆಯದ್ದೇ ಆಗಿರುತ್ತದೆ.

ಟೇಲೆಂಡ್:
ಮಳೆಯ ಕಡೆಯ ತಪ್ಪು ಯಾರೂ ಹೇಳಲಿಲ್ಲವಲ್ಲ. ಸಿಂಧನೂರಿನಲ್ಲಿ ಭತ್ತ ಬೆಳೆಯುವುದು ಸಿಂಧನೂರಿನ ಮಳೆಗಲ್ಲ, ಮಲೆನಾಡಿನ ಮಳೆಗೆ, ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ. ಸುರಪುರ, ಶಹಾಪುರಕ್ಕೆ ನಾರಾಯಣಪುರ ಎಡದಂಡೆ, ದೇವದುರ್ಗದ ಕಡೆಗೆ ಬಲದಂಡೆ. ಆ ನೀರು ಸಹ್ಯಾದ್ರಿಯ ಮೇಲೆ ಸುರಿದದ್ದು. ಸ್ಥಳೀಯ ಮಳೆ 40% ಕಡಿಮೆಯಾದರೂ ಜಲಾಶಯ ತುಂಬಿದ್ದರೆ ನಾಟಿಗೆ ಹೊರಗಿನಿಂದ ಆಳು ಬರುತ್ತಾರೆ. ಅದೇ ತಾಲ್ಲೂಕಿನ ಒಣ ಬೇಸಾಯದ ತಾಂಡಾದಿಂದ ಅದೇ ವಾರ ಲಾರಿ ಹತ್ತುತ್ತಾರೆ. ಸರಾಸರಿ ತೆಗೆದರೆ ಸೊನ್ನೆ.

ಹಾಗಾಗಿ ಹಳ್ಳಿಗಳನ್ನು ಮೂರು ಗುಂಪು ಮಾಡಿ: ಕಾಲುವೆಯ ಮೇಲ್ಭಾಗ, ಕೊನೆಭಾಗ, ಪೂರ್ತಿ ಒಣಭೂಮಿ. ಮೊದಲೆರಡಕ್ಕೆ ಸ್ಥಳೀಯ ಮಳೆ ಮಾತ್ರ ಸಾಲದು, ಜಲಾಶಯದ ಒಳಹರಿವು, ಕಾಲುವೆಗೆ ನೀರು ಬಿಟ್ಟ ದಿನಗಳು ಬೇಕು. ಒಣಭೂಮಿಗೆ ವರ್ಷದ ಒಟ್ಟು ಮಳೆ ಹಾಕಬೇಡಿ. ತೊಗರಿಗೆ ಜೂನ್–ಜುಲೈ ಮಳೆ, ಹಿಂಗಾರಿ ಜೋಳಕ್ಕೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಎರೆಮಣ್ಣು ಕುಡಿದ ನೀರು. ಅದಕ್ಕೆ ತಕ್ಕಂತೆ, ಮಳೆ ವಾಡಿಕೆಗಿಂತ ಎಷ್ಟು ಹೆಚ್ಚು-ಕಡಿಮೆ ಅಂತ ಅಳೆಯುವ ಸೂಚ್ಯಂಕ ಎಸ್‌ಪಿಐ ಎರಡು ಸಲ ಲೆಕ್ಕ ಹಾಕಿ, ಕನಿಷ್ಠ 30 ವರ್ಷದ ಮಳೆ ಇಟ್ಟುಕೊಂಡು. ಜತೆಗೆ ಸತತವಾಗಿ 2.5 ಮಿಮೀಗಿಂತ ಕಡಿಮೆ ಮಳೆಯಾದ ದಿನಗಳ ಅತಿ ಉದ್ದದ ಓಟ ಎಷ್ಟು ಅಂತ ಎಣಿಸಿ; ಒಟ್ಟು ಮಳೆ ಸರಿಯಿದ್ದೂ ಬೆಳೆ ಸತ್ತ ವರ್ಷಗಳು ಅದರಲ್ಲೇ ಸಿಗುತ್ತವೆ. 0.25 ಡಿಗ್ರಿ ಅಂದರೆ ಸುಮಾರು 27 ಕಿಮೀ ಚೌಕ, ಹಳ್ಳಿ ಮಟ್ಟಕ್ಕೆ ಬಹಳ ದಪ್ಪ. ಉಪಗ್ರಹ ಆಧರಿತ ಮಳೆ ದತ್ತಾಂಶ ಚಿರ್ಪ್ಸ್ 0.05 ಡಿಗ್ರಿಯದು, 1981ರಿಂದ ಇದೆ. ಅದನ್ನು ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯತಿ ಮಳೆಮಾಪಕಗಳ ಜತೆ ತಾಳೆ ನೋಡಿ.

ಎರೆಹೊಲ:
ಡಿ-3 ಕೈಬಿಟ್ಟೆ. ಸಮೀಕ್ಷೆಯ ಗಾತ್ರ, ತಿಂಗಳು ಹೇಳಿ. 325 ಮನೆ ಸಾಕೇ?

ಸೀಮೆಸುಣ್ಣ:
ಸಾಲದು. ಗುಳೆ ಹೋಗುವ ಮನೆಗಳು 30% ಅಂತ ಊಹಿಸಿ, ±5 ಶೇಕಡಾ ಅಂಶ ನಿಖರತೆ ಬೇಕೆಂದರೆ 323 ಬರುತ್ತದೆ, ನಿಜ. ಅದು ಇಡೀ ಪ್ರದೇಶದಲ್ಲಿ ಬಿಡಿಬಿಡಿಯಾಗಿ ಚೀಟಿ ಎತ್ತಿದರೆ. ಗುಳೆ ಊರೂರೇ, ಓಣಿ ಓಣಿಯೇ ಹೊರಡುವಂಥದ್ದು. ಹಳ್ಳಿಗೆ 20 ಮನೆ, ಒಳಸಂಬಂಧ (ಒಂದೇ ಹಳ್ಳಿಯ ಮನೆಗಳು ಒಂದರಂತೆ ಇನ್ನೊಂದಿರುವ ಪ್ರಮಾಣ) 0.1 ಎಂದಿಟ್ಟರೆ, ಮಾದರಿಯನ್ನು ಹಿಗ್ಗಿಸಬೇಕಾದ ಗುಣಕ 1 + 19 × 0.1 = 2.9. ಅಂದರೆ 937 ಮನೆ, 47 ಹಳ್ಳಿ. ಹಣ ಕಡಿಮೆಯಿದ್ದರೆ ಹಳ್ಳಿಗೆ 10 ಮನೆ ಮಾಡಿ: ಗುಣಕ 1.9, 614 ಮನೆ, 62 ಹಳ್ಳಿ. ಮನೆ ಉಳಿಯುತ್ತವೆ, ಜೀಪಿನ ಖರ್ಚು ಏರುತ್ತದೆ.

ಜನವರಿಯಲ್ಲಿ ಹೋದರೆ ಬೀಗಗಳ ಸಮೀಕ್ಷೆ ಆಗುತ್ತದೆ. ಯುಗಾದಿ ಮುಗಿದ ಮೇಲಿಂದ ಮುಂಗಾರು ಬಿತ್ತನೆಯವರೆಗೆ ಹೋಗಿ. ಆ ಕಡೆ ಮೊಹರಂಗೆ ಊರಿಗೆ ಬರುವವರು ಬಹಳ, ಈಗಿನ ವರ್ಷಗಳಲ್ಲಿ ಅದೂ ಜೂನ್–ಜುಲೈಗೆ ಬೀಳುತ್ತಿದೆ. ಬೀಗ ಕಂಡ ಮನೆ ಬಿಟ್ಟು ಬದಲಿ ಮನೆ ತೆಗೆದುಕೊಳ್ಳಬೇಡಿ. ಪಕ್ಕದವರಲ್ಲಿ ನಾಲ್ಕೇ ಪ್ರಶ್ನೆ: ಎಷ್ಟು ಜನ, ಎಲ್ಲಿಗೆ, ಯಾವಾಗ, ಮಕ್ಕಳೂ ಹೋದರಾ?

‘ಕಳೆದ ವರ್ಷ ಎಷ್ಟು ತಿಂಗಳು ಹೊರಗಿದ್ದಿರಿ?’ ಅಂದರೆ ಎಲ್ಲರೂ ‘ಆರು ತಿಂಗಳು’ ಅನ್ನುತ್ತಾರೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ತಿಂಗಳಿಗೊಂದರಂತೆ 12 ಚೌಕ ಎಳೆಯಿರಿ, ತಲೆಯ ಮೇಲೆ ಕಾರಹುಣ್ಣಿಮೆ, ನಾಗರಪಂಚಮಿ, ದೀಪಾವಳಿ, ಎಳ್ಳಮಾವಾಸ್ಯೆ, ಯುಗಾದಿ ಬರೆಯಿರಿ. ಒಬ್ಬೊಬ್ಬರಿಗೂ ಒಂದು ಬಣ್ಣದ ಕಾಳು. ಕಾಳು ಇಡುವಾಗ ಹೆಂಡತಿ ಗಂಡನ ತಪ್ಪು ತಿದ್ದುತ್ತಾಳೆ, ನಿಮಗೆ ಬೇಕಾದ್ದೂ ಅದೇ.

ಕಬ್ಬಿನ ಗ್ಯಾಂಗಿನಲ್ಲಿ ಗಂಡ-ಹೆಂಡತಿ ಸೇರಿ ಒಂದು ‘ಕೋಯ್ತಾ’. ಕೂಲಿ, ಮುಂಗಡ ಎಲ್ಲ ಒಂದೇ ಹೆಸರಿನಲ್ಲಿ. ದುಡಿದವರ ಸಂಖ್ಯೆ ಬೇರೆ, ಹಣ ಪಡೆದವರ ಸಂಖ್ಯೆ ಬೇರೆ ಕಲಂನಲ್ಲಿ ಬರೆಯದಿದ್ದರೆ ಹೆಂಗಸರ ಅರ್ಧ ದುಡಿಮೆ ಮಾಯ.

ಕೋಷ್ಟಕಪ್ರಿಯ:
ಇನ್ನೊಂದು. ಬರ ಹೆಚ್ಚಿದಷ್ಟೂ ವಲಸೆ ಹೆಚ್ಚು ಅನ್ನುವ ಸರಳರೇಖೆ ಬೇಡ. ಉತ್ತರ ಬಾಂಗ್ಲಾದೇಶದ ರಂಗಪುರದಲ್ಲಿ 2008ರ ಪ್ರಯೋಗದಲ್ಲಿ ಸುಮಾರು 8.50 ಡಾಲರ್ ಕೊಟ್ಟದ್ದಕ್ಕೆ, ಇಲ್ಲದಿದ್ದರೆ ಹೋಗುತ್ತಿರದ 22% ಮನೆಗಳು ಒಬ್ಬರನ್ನು ಕೆಲಸಕ್ಕೆ ಕಳಿಸಿದವು. ಬಸ್ ಚಾರ್ಜಿಗೂ ಗತಿಯಿಲ್ಲದವರು ಬರದಲ್ಲಿ ಕದಲುವುದಿಲ್ಲ.

ಸೀಮೆಸುಣ್ಣ:
ಒಪ್ಪುವೆ, ಆದರೆ ಅದನ್ನು ಹಾಗೇ ಇಲ್ಲಿಗೆ ತರಲಾಗದು. ಇಲ್ಲಿ ಬಸ್ ಚಾರ್ಜು ಮೇಸ್ತ್ರಿಯೋ, ಗ್ಯಾಂಗು ಕರೆದೊಯ್ಯುವ ಮುಕಾದಮನೋ ಕೊಡುತ್ತಾನೆ, ಮುಂಗಡದಲ್ಲಿ ಸೇರಿಸಿ. ಕೈ ಬರಿದಾದವರೂ ಹೊರಡುತ್ತಾರೆ, ಸಾಲ ಹೊತ್ತು. ಆದ್ದರಿಂದ ‘ಹೋದರಾ, ಇಲ್ಲವಾ’ ಎಂಬುದೊಂದೇ ಸಾಲದು. ಮುಂಗಡ ಎಷ್ಟು, ಯಾವ ತಿಂಗಳು ಕೈಗೆ ಬಂತು, ಮರಳುವಾಗ ಎಷ್ಟು ಬಾಕಿ ಅಂತ ಬರೆದುಕೊಳ್ಳಿ. ಮುಂಗಡ ಬಿತ್ತನೆಗೂ ಮೊದಲೇ ಬಂದಿದ್ದರೆ ಆ ಮನೆಯ ಗುಳೆ ಆ ವರ್ಷದ ಮಳೆಗೆ ಮುಂಚೆಯೇ ನಿರ್ಧಾರವಾಗಿತ್ತು. ಅಂಥವರಿಗೆ ಹಿಂದಿನ ವರ್ಷದ ಎಸ್‌ಪಿಐ ಜೋಡಿಸಬೇಕು. ಮುಕಾದಮನ ಹೆಸರು ಮಾತ್ರ ನಮೂನೆಯಲ್ಲಿ ಬರೆಯಬೇಡಿ, ಕಾಗದ ಎಲ್ಲಿಗೆ ಹೋಗುತ್ತದೋ ಗೊತ್ತಿರುವುದಿಲ್ಲ.