ಸಹಾಯ ಬೇಕು: 4,29,49,67,297 ಮತ್ತು 641ರ ನಂಟು

ಎಲ್ಲರಿಗೂ ನಮಸ್ಕಾರ. ಗಣಿತ ಬಲ್ಲವರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ಹತ್ತನೇ ತರಗತಿಯ ಮಗಳೂ ನಾನೂ 4,29,49,67,297ರ ಹಿಂದೆ ಬಿದ್ದು ಒಂದು ವಾರ ಆಯಿತು. 32 ಎರಡುಗಳನ್ನು ಗುಣಿಸಿ 1 ಕೂಡಿಸಿದರೆ ಬರುವ ಸಂಖ್ಯೆ ಇದು. 32ರ ಬದಲು 1, 2, 4, 8, 16 ಎರಡುಗಳನ್ನು ತೆಗೆದುಕೊಂಡರೆ ಬರುವ 3, 5, 17, 257, 65537 ಎಲ್ಲವೂ ಅವಿಭಾಜ್ಯ. ಇದೂ ಹಾಗೇ ಇರಬೇಕು ಎಂದು ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಇದು 641 × 6700417 ಎಂದು ತೋರಿಸಿದರು. ಕ್ಯಾಲ್ಕುಲೇಟರ್ ಇಲ್ಲದ ಕಾಲ ಅಲ್ವಾ, ನನಗಂತೂ ಮೈ ಜುಮ್ಮೆಂದಿತು.

641ರಿಂದ ಭಾಗ ಹೋಗುವುದು ಯಾಕೆ ಅಂತ ಗೊತ್ತಾಗಿದೆ. 641 ಎಂದರೆ 5 × 128 + 1. 625 + 16 ಕೂಡ ಅದೇ, ಅಂದರೆ ನಾಲ್ಕು ಐದುಗಳ ಗುಣಲಬ್ಧಕ್ಕೆ ನಾಲ್ಕು ಎರಡುಗಳ ಗುಣಲಬ್ಧ ಸೇರಿಸಿದ್ದು. ಈ ಎರಡನ್ನು ಜೋಡಿಸಿದರೆ ದೊಡ್ಡ ಭಾಗಾಕಾರವೇ ಬೇಡ. ಮಗಳು ಇದನ್ನು ನೋಡಿ ಕುಣಿದಾಡಿದಳು.

ನಾವು ಸಿಕ್ಕಿಕೊಂಡಿರುವುದು ಇನ್ನೊಂದು ಕಡೆ. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಹಾಗೆ ಹುಡುಕಿದರೆ 193, 257, 449, 577 ಆದಮೇಲೆ ಐದನೆಯದೇ 641! ಆದರೆ ಶೇಷ 1 ಯಾಕೆ ಬರಲೇಬೇಕು? 2, 4, 8, 16 ಹೀಗೆ ಸಾಗುತ್ತಾ 641ರಿಂದ ಭಾಗಿಸಿದರೆ, 64 ಹೆಜ್ಜೆಗೆ ಶೇಷಗಳು ಮತ್ತೆ ಮೊದಲಿನಿಂದ ಶುರುವಾಗುತ್ತವೆ. ಗುಟ್ಟು ಇಲ್ಲೇ ಇದೆ ಅನಿಸುತ್ತದೆ. ಫರ್ಮಾರ ಚಿಕ್ಕ ಪ್ರಮೇಯ (p ಬೆಸ ಅವಿಭಾಜ್ಯವಾದರೆ, p − 1 ಎರಡುಗಳ ಗುಣಲಬ್ಧವನ್ನು pಯಿಂದ ಭಾಗಿಸಿದಾಗ ಶೇಷ 1) ಗೊತ್ತು, ಅಲ್ಲಿಂದ ಇಲ್ಲಿಗೆ ದಾರಿ ಹೇಗೆ? ಸುಮ್ನೆ ಸೂತ್ರ ಬೇಡ, ಮಗಳಿಗೆ ಹಿಡಿಸುವಂತೆ ಚಿಕ್ಕ ಸಂಖ್ಯೆಯಲ್ಲಿ ತೋರಿಸಿದರೆ ತುಂಬಾ ಉಪಕಾರವಾಗುತ್ತದೆ.