ಕ್ರೂಸ್ ನಡುವೆ ರಿಪೇರಿ ಕೆಲಸ ಇರ್ತದ ಅಂತ ಮೇಲ್ ಬಂದದ, ಹೋಗೋದೋ ಬಿಡೋದೋ?

ತೊಗರಿಕಣಜ (ಕಲಬುರಗಿ):

ಜನವರಿ ಕೊನಿ ವಾರಕ್ಕ ಮುಂಬೈಯಿಂದ ನಾಲ್ಕು ರಾತ್ರಿದು ಕ್ರೂಸ್ ಬುಕ್ ಆಗ್ಯದ. ಐದು ಮಂದಿ: ನಾವಿಬ್ಬರು, ಎಂಟು ವರ್ಷದ ಮಗಳು, ಅಪ್ಪ, ಅವ್ವ. ಅವ್ವಗ ಮೊಣಕಾಲು ನೋವು, ಮೆಟ್ಟಲು ಹತ್ತಲಿಕ್ಕೆ ಆಗಲ್ಲ. ಅಪ್ಪಗ ದಮ್ಮು, ಇನ್ಹೇಲರ್ ನಡದದ. ಎರಡು ಬಾಲ್ಕನಿ ಕ್ಯಾಬಿನ್, 8ನೇ ಡೆಕ್, ಹಡಗಿನ ಹಿಂಭಾಗದಾಗ. ಈಗ ಕಂಪನಿಯವರ ಮೇಲ್: ಪ್ರಯಾಣದ ವೇಳೆ ನಿರ್ವಹಣಾ ಕೆಲಸ ನಡೆಯಲಿದೆ, ಈಜುಕೊಳದ ಒಂದು ಭಾಗ, ಕೆಲವು ಲಿಫ್ಟ್, ಕೆಲವು ಬಾಲ್ಕನಿ ಬಳಕೆಗೆ ಸಿಗದಿರಬಹುದು, ಸದ್ದು ಇರಬಹುದು. ಇಷ್ಟೇ ಅದ. ಯಾವ ಡೆಕ್ಕು, ಯಾವ ಹೊತ್ತು, ಏನೂ ಬರದಿಲ್ಲ.

ಏಜೆಂಟ್ ಮಾತ್ರ "ಏನೂ ಆಗಲ್ರಿ, ಆರಾಮ ಹೋಗಿ ಬರ್ರಿ" ಅಂತಾನ. ಹಡಗಿನ ಕೆಲಸ ಗೊತ್ತಿದ್ದವರು ಯಾರರ ಇದ್ರ ಹೇಳ್ರಿ: ಖರೇ ಎಷ್ಟು ತ್ರಾಸು ಆಗ್ತದ? ಹೋಗೋ ಮೊದಲು ಏನು ಕೇಳಬೇಕು, ಹತ್ತಿದ ಮ್ಯಾಲ ಏನು ಮಾಡಬೇಕು?

——

ಲಂಗರು (ಯಾದಗಿರಿ):

ಕ್ಯಾನ್ಸಲ್ ಮಾಡೋ ವಿಚಾರ ಸದ್ಯ ಬಿಡ್ರಿ, ಮೊದಲು ಆ ಮೇಲ್‌ಗೆ ಉತ್ತರ ಬರೀರಿ. "ಕೆಲವು ಬಾಲ್ಕನಿ" ಅಂತ ಪ್ರಯಾಣಿಕರಿಗೆ ಬರಿತಾರ, ಆದ್ರ ಹಡಗಿನೊಳಗ ಡೆಕ್ಕು, ಎಡ-ಬಲ ಬಾಜು, ಹೊತ್ತು ಎಲ್ಲಾ ಹಾಕಿದ ಕೆಲಸದ ಪಟ್ಟಿ ಇರ್ತದ. ಕೇಳಿದ್ರ ಕೊಡ್ತಾರ, ಕೇಳದಿದ್ರ ಇಲ್ಲ.

ಇದೆಲ್ಲ ಪ್ರಯಾಣದಾಗೇ ಯಾಕ ಮಾಡ್ತಾರ ಅಂದ್ರ, ಪ್ರಯಾಣಿಕರ ಹಡಗಿನ ತಳ ಐದು ವರ್ಷದಾಗ ಎರಡು ಸಲ ಡ್ರೈ ಡಾಕ್‌ನಾಗ (ಹಡಗು ನಿಲ್ಲಿಸಿ ನೀರು ಖಾಲಿ ಮಾಡೋ ಜಾಗ) ತಪಾಸಣಿ ಆಗಬೇಕು, ಎರಡರ ನಡುವ 36 ತಿಂಗಳು ಮೀರಬಾರದು ಅಂತ ಅಂತಾರಾಷ್ಟ್ರೀಯ ನಿಯಮ ಅದ. ಡ್ರೈ ಡಾಕ್‌ಗೆ ಹೋಗೋದು ಮುಖ್ಯ ಅದಕ್ಕ. ಡಾಕ್‌ನಾಗ ನಿಂತ ಒಂದೊಂದು ದಿನಕ್ಕೂ ಟಿಕೆಟ್ ದುಡ್ಡು ಖೋತಾ, ಹಿಂಗಾಗಿ ಅಲ್ಲಿ ಹಡಗಿನ ಹೊರಮೈ (ಹಲ್), ಪ್ರೊಪೆಲ್ಲರ್, ನೀರಿನ ಕೆಳಗಿನ ವಾಲ್ವ್ ಇಂಥಾವನ್ನ ಮುಗಿಸಿ, ಬಣ್ಣ, ಕಾರ್ಪೆಟ್, ಡೆಕ್ಕಿನ ಹಲಗಿ, ಲಿಫ್ಟ್ ಕೆಲಸ ಆದಷ್ಟು ಓಡಾಟದಾಗೇ ಮಾಡ್ತಾರ. ಡಾಕ್‌ಗೆ ಹೋಗೋ ಮೊದಲಿನ ಒಂದೆರಡು ಟ್ರಿಪ್, ಹೊರಗ ಬಂದ ಮ್ಯಾಲಿನ ಮೊದಲ ಟ್ರಿಪ್, ಇವು ಭಾಳ ಕಿರಿಕಿರಿ. ನಿಮ್ಮ ತಾರೀಖು ಅದರ ಆಜೂಬಾಜೂ ಬರ್ತದೇನು ಅಂತ ಸೀದಾ ಕೇಳ್ರಿ.

ಸದ್ದು: ತುಕ್ಕು ತೆಗಿಯೋ ನೀಡಲ್ ಗನ್ ಅಂತ ಒಂದು ಹತ್ಯಾರ ಅದ. ಗಾಳಿ ಒತ್ತಡದಿಂದ ಹತ್ತಿಪ್ಪತ್ತು ಉಕ್ಕಿನ ಕಡ್ಡಿ ಒಟ್ಟಿಗೆ ತಗಡಿಗೆ ಬಡಿತಾವ. ಆ ಸದ್ದು ಗಾಳಿಯೊಳಗಿಂದ ಬರೋದಕ್ಕಿಂತ ಉಕ್ಕಿನೊಳಗಿಂದ ಬರೋದು ಜಾಸ್ತಿ, ಹಂಗಾಗಿ ಕಿವಿಗೆ ಫೋಮ್ ಬಿರಡಿ ಹಾಕಿದ್ರೂ ಹಾಸಿಗಿಯೊಳಗಿಂದ ಕೇಳಸ್ತದ. ಒಂದು ಡೆಕ್ ಮ್ಯಾಲ ಕೆಳಗ ಸರಿದ್ರ ಉಪಯೋಗಿಲ್ಲ, ಉದ್ದಕ್ಕ ಸರೀಬೇಕು. ಹಡಗನ್ನ ಬೆಂಕಿ ಹರಡದಂಗ ಸುಮಾರು 40 ಮೀಟರಿಗೊಂದು ವಲಯ ಮಾಡಿರ್ತಾರ. ಕಾರಿಡಾರಿನಾಗ ಗ್ವಾಡಿಗೆ ಅಯಸ್ಕಾಂತದಿಂದ ಹಿಡಿದು ನಿಲ್ಲಿಸಿದ ದಪ್ಪ ಬಾಗಿಲು ಕಂಡ್ರ ಅದೇ ವಲಯದ ಗಡಿ. ಕೆಲಸ ನಡದ ಜಾಗದಿಂದ ಅಂಥ ಎರಡು ಬಾಗಿಲು ದಾಟಿದ್ರ ನಿದ್ದಿ ಬರ್ತದ.

ಬಾಲ್ಕನಿ ಬಣ್ಣ: ಹಿಂದಿನ ದಿನ ಸಂಜಿಕ ಬಾಗಿಲ ಕೆಳಗ ಚೀಟಿ ಹಾಕ್ತಾರ, ಇಂತಿಷ್ಟು ಹೊತ್ತಿಗೆ ಬಾಲ್ಕನಿಗೆ ಬರಬ್ಯಾಡ್ರಿ ಅಂತ. ಆದ್ರ ಬಣ್ಣಕ್ಕ ತನ್ನದೇ ಲೆಕ್ಕ ಅದ. ಉಕ್ಕಿನ ಬಿಸಿ ಇಬ್ಬನಿ ಕಟ್ಟೋ ಬಿಂದುಕ್ಕಿಂತ 3 ಡಿಗ್ರಿ ಸೆಲ್ಸಿಯಸ್ ಆದ್ರೂ ಮ್ಯಾಲ ಇರಬೇಕು, ಗಾಳಿ ತೇವ 85% ದಾಟಬಾರದು, ಇಲ್ಲಂದ್ರ ಬಣ್ಣ ಹಿಡಿಯಲ್ಲ. ಜನವರಿ ಮುಂಜಾನಿ ಕಡಲ ಮ್ಯಾಲ ತಗಡು ಒದ್ದಿ ಇರ್ತದ. ಹಂಗಾಗಿ ಚೀಟಿಯೊಳಗ 9 ಗಂಟೆ ಅಂದ್ರ ಖರೇ ಕೆಲಸ ಶುರು ಆಗೋದು ಭಾಳ ಸಲ ಹತ್ತೂವರಿ ಮ್ಯಾಲೇ, ಮುಗಿಯೋದೂ ಅಷ್ಟೇ ತಡ. ಮುಂಜಾನಿ ಚಾ ಬಾಲ್ಕನಿಯೊಳಗ ಕುಡಿಲಿಕ್ಕೆ ಅಡ್ಡಿ ಇಲ್ಲ. ಅರಬಿ ಒಣಗಸಲಿಕ್ಕೆ ಮಾತ್ರ ಹಾಕಬ್ಯಾಡ್ರಿ. ಪಡದಾ ಎಳದಿಡ್ರಿ, ಯಾಕಂದ್ರ ಬಾಲ್ಕನಿ ನಡುವಿನ ತಡಿಕಿ ತೆಗದು ಕೆಲಸದವರು ಒಂದರಿಂದ ಇನ್ನೊಂದಕ್ಕ ಓಡಾಡ್ತಾರ. ಬಾಗಿಲು ತೆಗದಿಟ್ರ ವಾಸನಿ ಒಳಗ ಬರ್ತದ, ಜೊತಿಗೆ ಭಾಳ ಹಡಗಿನಾಗ ಕ್ಯಾಬಿನ್ ಎಸಿನೂ ತಾನೇ ನಿಂತು ಬಿಡ್ತದ.

ಶೌಚಾಲಯ: ಇದು ಯಾರೂ ಮೊದಲೇ ಹೇಳಲ್ಲ. ಹಡಗಿನ ಕಮೋಡ್ ನೀರಿನಿಂದ ಅಲ್ಲ, ಗಾಳಿ ಎಳೆತದಿಂದ ನಡಿತದ. ಒಂದು ಸಲಕ್ಕ ಲೀಟರ್ ಸವ್ವಾ ಲೀಟರ್ ನೀರು, ಉಳಿದದ್ದು ಪೈಪಿನೊಳಗಿನ ನಿರ್ವಾತ. ಒಂದು ಸಾಲಿನ ಕ್ಯಾಬಿನ್‌ಗೆಲ್ಲ ಒಂದೇ ಪೈಪು. ಒಬ್ಬರು ಒದ್ದಿ ಟಿಶ್ಯೂ, ಡೈಪರ್, ಇಲ್ಲಾ ಗುಟ್ಕಾ ಚೀಟಿ ಒಳಗ ಹಾಕಿದ್ರ ಸಾಲಿಗೆ ಸಾಲೇ ಬಂದ್. ಗುಂಡಿ ಒತ್ತಿದಾಗ "ಘಸ್" ಅನ್ನೋ ಸದ್ದು ಬರಲಿಲ್ಲಂದ್ರ ಮತ್ತ ಮತ್ತ ಒತ್ತಬ್ಯಾಡ್ರಿ, ನಿರ್ವಾತ ಮರಳಿ ಕಟ್ಟಲಿಕ್ಕೆ ಒಂದೆರಡು ನಿಮಿಷ ಬೇಕು. ಐದು ನಿಮಿಷ ಆದ್ರೂ ಆಗಲಿಲ್ಲಂದ್ರ ರಿಸೆಪ್ಷನ್‌ಗೆ ಫೋನ್ ಮಾಡಿ, ಬ್ಯಾರೆ ವಲಯದ ಸಾರ್ವಜನಿಕ ಶೌಚಾಲಯಕ್ಕ ಹೋಗ್ರಿ. ಅದೇ ವಲಯದ್ದೂ ಬಂದ್ ಇರೋ ಸಾಧ್ಯತಾ ಭಾಳ.

ನಳದ ನೀರು: ಪೈಪ್ ಕೆಲಸ ಆದ ಮ್ಯಾಲ ಕಂದು ನೀರು ಬಂದ್ರ ತಣ್ಣೀರು ನಳ ಎರಡು ಮೂರು ನಿಮಿಷ ಬಿಟ್ಟಿಡ್ರಿ. ಕ್ಲೋರಿನ್ ವಾಸನಿ ಜಾಸ್ತಿ ಇದ್ರ ಹೆದರಬ್ಯಾಡ್ರಿ, ಪೈಪ್ ತೊಳದಿರಬಹುದು.

——

ಬಿದ್ರಿಕುಸುರಿ (ಬೀದರ್):

ಲಂಗರು ಅವರು ಹೇಳಿದ್ದಕ್ಕ ಬುಕಿಂಗ್ ಕಡಿಂದು ಸೇರಸ್ತೀನಿ.

ಈ ಮೇಲ್ ಬಂದದ ಅಂತ ನೀವೇ ಕ್ಯಾನ್ಸಲ್ ಮಾಡಿದ್ರ ಅದು "ಪ್ರಯಾಣಿಕರ ಇಚ್ಛಾ" ಲೆಕ್ಕಕ್ಕ ಹೋಗಿ ಕಡಿತ ಬೀಳ್ತದ, ತಾರೀಖು ಹತ್ತಿರ ಬಂದಂಗ ಕಡಿತ ಏರ್ತದ. ಈಜುಕೊಳ ಅರ್ಧ ಬಂದ್ ಅನ್ನೋದು ಯಾವ ಟ್ರಾವೆಲ್ ಇನ್ಶೂರೆನ್ಸ್‌ನಾಗೂ ಸಾಮಾನ್ಯವಾಗಿ ಕ್ಲೇಮ್ ಆಗಲ್ಲ. ಅದಕ್ಕ ಕ್ಯಾಬಿನ್ ಬದಲಿ ಕೇಳೋದು ಮೊದಲ ಹೆಜ್ಜಿ. ಏಜೆಂಟ್‌ಗೆ ಫೋನ್ ಬ್ಯಾಡ, ಮೇಲ್ ಹಾಕ್ರಿ, ಕಂಪನಿಗೆ ಪ್ರತಿ ಇಡ್ರಿ. ಹಿಂಗ ಬರೀಬಹುದು:

"ನಮ್ಮ ಬುಕಿಂಗ್ ನಂಬರ್ ಇಂಥಾದ್ದು. ಒಬ್ಬರಿಗೆ ಅಸ್ತಮಾ, ಒಬ್ಬರಿಗೆ ಮೆಟ್ಟಿಲು ಹತ್ತಲಾಗದು. ದಯವಿಟ್ಟು ತಿಳಿಸಿ: 1) 8ನೇ ಡೆಕ್ಕಿನ ಹಿಂಭಾಗದಲ್ಲಿ ಬಣ್ಣ, ತುಕ್ಕು ತೆಗೆಯುವ ಅಥವಾ ಕಾರ್ಪೆಟ್ ಕೆಲಸ ಯಾವ ದಿನ, ಎಷ್ಟು ಗಂಟೆಗೆ? 2) ಯಾವ ಲಿಫ್ಟ್ ಗುಂಪು ನಿಲ್ಲುತ್ತದೆ: ಮುಂದಿನದೋ, ನಡುವಿನದೋ, ಹಿಂದಿನದೋ? 3) ಕೆಲಸವಿಲ್ಲದ ವಲಯದಲ್ಲಿ, ಓಡುವ ಲಿಫ್ಟ್‌ಗೆ ಹತ್ತಿರ, ಅದೇ ದರ್ಜೆಯ ಎರಡು ಕ್ಯಾಬಿನ್ ಹೆಚ್ಚುವರಿ ಹಣವಿಲ್ಲದೆ ಕೊಡಲು ಸಾಧ್ಯವೇ?"

"ಸಾಧ್ಯವೇ" ಅಂತ ಬರೀರಿ, ಜಗಳದ ಧಾಟಿ ಈಗೇ ಬ್ಯಾಡ. ಅವ್ವನ ಮೊಣಕಾಲಿನ ವಿಷಯ ವಿಶೇಷ ಅಗತ್ಯದ ಫಾರ್ಮ್‌ನಾಗ ಬರಿಲೇಬೇಕು. ಅವಘಡದ ಹೊತ್ತಿನಾಗ ಲಿಫ್ಟ್ ಯಾರೂ ಬಳಸಂಗಿಲ್ಲ, ಮೆಟ್ಟಲಿಳಿಸೋ ಕುರ್ಚಿಗೆ ಮಂದಿ ನೇಮಿಸಲಿಕ್ಕೆ ಅವರಿಗೆ ಮೊದಲೇ ಗೊತ್ತಿರಬೇಕು.

ಕ್ಯಾಬಿನ್ ಆರಿಸೋವಾಗ ಡೆಕ್ ನಕಾಶಿ ತೆಗದು ಮ್ಯಾಲಿನ ಡೆಕ್ಕೂ ಕೆಳಗಿನ ಡೆಕ್ಕೂ ನೋಡ್ರಿ. ಮ್ಯಾಲ ಕ್ಯಾಬಿನ್, ಕೆಳಗ ಕ್ಯಾಬಿನ್ ಇದ್ದ ಜಾಗ ಬೇಷ್. ಈಜುಕೊಳದ ಕೆಳಗಿಂದು ಬ್ಯಾಡ, ಬೆಳ್ಳಂಬೆಳಗ್ಗೆ ಕುರ್ಚಿ ಎಳದಾಡ್ತಾರ. ಹಡಗಿನ ಮೂತಿ ಹತ್ರದ ಕೆಳ ಡೆಕ್ಕೂ ಬ್ಯಾಡ, ಲಂಗರಿನ ಸರಪಳಿ ಬಿಡೋವಾಗ ಮಕ್ಕಳು ಬೆಚ್ಚಿ ಬೀಳ್ತಾವ.

ಹಡಗು ತುಂಬಿ ಹೋಗ್ಯದ ಅಂದ್ರೂ ಅಲ್ಲಿಗೇ ಬಿಡಬ್ಯಾಡ್ರಿ. ಬರದೇ ಉಳಿದ ಮಂದಿ ಎಷ್ಟು ಅನ್ನೋದು ಹಡಗು ಬಂದರು ಬಿಟ್ಟ ಮ್ಯಾಲೇ ಪಕ್ಕಾ ಆಗ್ತದ. ಹತ್ತಿದ ಕೂಡಲೇ ಒಮ್ಮೆ ಹೆಸರು ಬರಸ್ರಿ, ಹಡಗು ಹೊಂಟ ಒಂದೆರಡು ತಾಸಿಗೆ ಮತ್ತೊಮ್ಮೆ ಹೋಗ್ರಿ. ರಾತ್ರಿ ಊಟ ಆದ ಮ್ಯಾಲ ಹೋದ್ರ ಪಾಳಿ ಉದ್ದ, ಖಾಲಿ ಕ್ಯಾಬಿನ್ನೂ ಮುಗದಿರ್ತಾವ.

ದೂರು ಕೊಟ್ಟಾಗೆಲ್ಲ ಹೊತ್ತು, ದೂರಿನ ನಂಬರ್ ಬರದಿಡ್ರಿ, ಹತ್ತು ಸೆಕೆಂಡಿನ ವಿಡಿಯೋ ಮಾಡ್ರಿ. ಪರಿಹಾರ ಅಂತ ಆನ್‌ಬೋರ್ಡ್ ಕ್ರೆಡಿಟ್ (ಹಡಗಿನೊಳಗ ಖರ್ಚು ಮಾಡೋ ರೊಕ್ಕ) ಕೊಟ್ರ ಒಂದು ಮಾತು ಕೇಳ್ರಿ: ಉಳಿದದ್ದು ಕಾರ್ಡಿಗೆ ವಾಪಸ್ ಬರ್ತದೋ, ಕೊನಿ ರಾತ್ರಿ ಮುಳುಗ್ತದೋ? ಭಾಳ ಸಲ ಮುಳುಗ್ತದ. ಇನ್ನ ಸಿಟ್ಟಿಗೆ ಟಿಪ್ಸ್ ಕಡಿಯೋರು ಇರ್ತಾರ. ಹಾಸಿಗಿ ಹಾಸೋ ಹುಡುಗಗ ನೀಡಲ್ ಗನ್ನಿಗೆ ಏನು ಸಂಬಂಧ, ಹೇಳ್ರಿ.

ಕೊನಿಗೂ ಬಗೆಹರಿಲಿಲ್ಲಂದ್ರ 1915ಕ್ಕ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೊಳಗ ದೂರು ದಾಖಲಸ್ರಿ. ಅಲ್ಲೂ ಆಗಲಿಲ್ಲಂದ್ರ ಗ್ರಾಹಕ ಆಯೋಗ. 2019ರ ಕಾಯ್ದಿ ಪ್ರಕಾರ ಗ್ರಾಹಕ ತಾನು ಇದ್ದ ಜಿಲ್ಲಾದಾಗೇ ಕೇಸ್ ಹಾಕಬಹುದು, ಮುಂಬೈಗೆ ಅಲೆಯೋದು ಬ್ಯಾಡ, ಕಲಬುರಗಿ ಜಿಲ್ಲಾ ಆಯೋಗ ಸಾಕು. ಎರಡು ವರ್ಷದೊಳಗ ಹಾಕಬೇಕು. ಕೊಟ್ಟ ರೊಕ್ಕ 5 ಲಕ್ಷದೊಳಗ ಇದ್ರ ಫೀ ಇಲ್ಲ. ಕಂಪನಿ ಜೊತಿಗೆ ಏಜೆಂಟನ್ನೂ ಪ್ರತಿವಾದಿ ಮಾಡ್ರಿ. ಆವಾಗ ಈ ಮೇಲ್, ದೂರಿನ ನಂಬರ್ ಎಲ್ಲಾ ಕೆಲಸಕ್ಕ ಬರ್ತಾವ.

——

ಸೇಡಂಕಲ್ಲು:

ದಮ್ಮು ಇದ್ದವರಿಗೆ ಬಾಲ್ಕನಿ ತಲಿನೋವೇ ಬ್ಯಾಡ, ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ತೊಗೊಂಡು ಬಿಡ್ರಿ. ಬಣ್ಣದ ವಾಸನಿ ಬರಂಗಿಲ್ಲ, ರೊಕ್ಕಾನೂ ಉಳಿತದ.

——

ಲಂಗರು (ಯಾದಗಿರಿ):

ಸೇಡಂಕಲ್ಲು ಅವರೇ, ಅರ್ಧ ಖರೇ ಅದ. ಹೊರಗಿನ ಬಣ್ಣದ ವಾಸನಿ ಒಳಗಿನ ಕ್ಯಾಬಿನ್‌ಗೆ ಕಡಿಮಿ. ಆದ್ರ ಕಾರಿಡಾರಿನಾಗ ಕಾರ್ಪೆಟ್ ಬದಲಸ್ತಿದ್ರ ಅಂಟಿನ ವಾಸನಿ ಸೀದಾ ಅಲ್ಲಿಗೇ ಬರ್ತದ, ತೆಗಿಲಿಕ್ಕೆ ಕಿಟಕಿನೂ ಇಲ್ಲ. ದಮ್ಮಿನವರಿಗೆ ಅಂಟು ಬಣ್ಣಕ್ಕಿಂತ ಕೆಟ್ಟದ್ದಾಗಬಹುದು. ಯಾವ ಕೆಲಸ ಅಂತ ತಿಳಕೊಂಡೇ ಕ್ಯಾಬಿನ್ ಬದಲಸ್ರಿ. ಅಪ್ಪನ ಇನ್ಹೇಲರ್ ಒಂದು ಜಾಸ್ತಿ ಇರಲಿ, ಡಾಕ್ಟರ್ ಚೀಟಿ ಸಮೇತ ಕೈಚೀಲದಾಗೇ ಇಡ್ರಿ. ದೊಡ್ಡ ಬ್ಯಾಗು ಹತ್ತೋವಾಗ ಅವರ ಕೈಗೆ ಕೊಟ್ರ ಕ್ಯಾಬಿನ್‌ಗೆ ಸಂಜಿಮಟ ಬರಲಿಕ್ಕಿಲ್ಲ. ನೆಬ್ಯುಲೈಜರ್ ಒಯ್ಯೋದಿದ್ರ ಮೊದಲೇ ಬರದು ತಿಳಸ್ರಿ. ಸರ್ಜ್ ಪ್ರೊಟೆಕ್ಟರ್ (ಕರೆಂಟ್ ಏರಿಳಿತ ತಡಿಯೋದು) ಇದ್ದ ಎಕ್ಸ್‌ಟೆನ್ಷನ್ ಬೋರ್ಡ್ ಒಯ್ದ್ರ ಗೇಟಿನಾಗೇ ಕಸಿತಾರ, ಸಾದಾ ಬೋರ್ಡ್ ಬೇಕಂದ್ರ ಹಡಗಿನವರನ್ನೇ ಕೇಳ್ರಿ.

——

ತೊಗರಿಕಣಜ (ಕಲಬುರಗಿ):

ಇಬ್ಬರಿಗೂ ಧನ್ಯವಾದ್ರಿ, ಮೇಲ್ ಇವತ್ತೇ ಹಾಕ್ತೀನಿ. ಇನ್ನೊಂದು ಮಾತು. ಎಂಜಿನ್ ಕಡಿಂದು ತೊಂದ್ರಿ ಆಗಿ ನಡುವಿನ ಊರು ಬಿಟ್ಟು ಹೋದ್ರ? ಮಗಳು ದ್ವೀಪ ನೋಡಬೇಕು ಅಂತ ಈಗಿಂದೇ ಕುಣಿಲಿಕ್ಕತ್ಯಾಳ.

——

ಲಂಗರು (ಯಾದಗಿರಿ):

ದೊಡ್ಡ ಹಡಗಿಗೆ ಹೆಚ್ಚಾಗಿ ಎರಡು ಪ್ರೊಪೆಲ್ಲರ್ ಇರ್ತಾವ. ಒಂದು ನಿಂತ್ರ ಹಡಗು ನಿಲ್ಲಲ್ಲ, ಅರ್ಧ ಸ್ಪೀಡಿಗೂ ಇಳಿಯಲ್ಲ. ನೀರಿನಾಗ ಬೇಕಾಗೋ ಶಕ್ತಿ ವೇಗದ ಘನದಷ್ಟು ಏರ್ತದ, ಹಿಂಗಾಗಿ ಶಕ್ತಿ ಅರ್ಧ ಆದ್ರ ವೇಗ ಸುಮಾರು 79% ಉಳಿತದ. 20 ನಾಟ್ (ತಾಸಿಗೆ 20 ನಾಟಿಕಲ್ ಮೈಲಿ) ಹೋಗೋದು 16ರ ಹತ್ರ. ಸುಮ್ಮ ನಿಂತ ಪ್ರೊಪೆಲ್ಲರ್ ಎಳೆತ ಹಿಡದ್ರ 15. 300 ನಾಟಿಕಲ್ ಮೈಲಿಗೆ 15 ತಾಸು ಬೇಕಾದಲ್ಲಿ 20 ತಾಸು. ಆ ಐದು ತಾಸು ಊರಿನ ಹೊತ್ತಿನಾಗೇ ಕಡಿತಾರ, ಯಾಕಂದ್ರ ಮುಂಬೈಗೆ ವಾಪಸ್ ಬರೋ ಹೊತ್ತು ತಪ್ಪಿಸಲಿಕ್ಕೆ ಆಗಲ್ಲ, ಮುಂದಿನ ಟ್ರಿಪ್ಪಿನ ಮಂದಿ ಕಾಯ್ತಿರ್ತಾರ.

ದ್ವೀಪದ ವಿಷಯ ಬ್ಯಾರೆ. ದೊಡ್ಡ ಹಡಗಿಗೆ ಲಕ್ಷದ್ವೀಪದಾಗ ದಂಡಿ ಮುಟ್ಟಲಿಕ್ಕೆ ಆಗಲ್ಲ, ದೂರ ನಿಂತು ಸಣ್ಣ ದೋಣಿಯೊಳಗ ಇಳಸ್ತಾರ. ಅಲಿ ಜಾಸ್ತಿ ಇದ್ರ ಎಂಜಿನ್ ಎಷ್ಟೇ ಸರಿ ಇದ್ರೂ ಇಳಸಲ್ಲ. ಅವ್ವನ ಮೊಣಕಾಲಿಗೆ ಆ ದೋಣಿ ಹತ್ತೋದು ಮೆಟ್ಟಲಿಗಿಂತ ಕಠಿಣ, ಹಲಗಿ ಮ್ಯಾಲ ಕೆಳಗ ಆಡ್ತಿರ್ತದ. ಆವತ್ತು ಅವರು ಹಡಗಿನಾಗೇ ಉಳಿದ್ರ ಚಲೋ. ಮಂದಿ ಇಳದು ಹೋಗಿ ಲಿಫ್ಟೂ ಖಾಲಿ ಇರ್ತಾವ.

ಹಡಗು ನಿಂತಾಗ ಮುಂಜಾನಿ ಗಂಟಿ ಬಾರಿಸಿ, ಲೈಫ್‌ಬೋಟ್ ಇಳಿಸಿದ್ರ ಗಾಬರಿ ಬ್ಯಾಡ. ಸಿಬ್ಬಂದಿ ಡ್ರಿಲ್ ವಾರಕ್ಕೊಮ್ಮೆ ಆಗಬೇಕು, ಪ್ರತಿ ಲೈಫ್‌ಬೋಟ್ ಮೂರು ತಿಂಗಳಿಗೊಮ್ಮೆ ನೀರಿಗಿಳೀಬೇಕು. ಮೊದಲೇ ಸ್ಪೀಕರಿನಾಗ ಹೇಳಿರ್ತಾರ. ಹೇಳದೇ ಏಳು ಗಿಡ್ಡ, ಒಂದು ಉದ್ದ ಸೀಟಿ ಬಂದ್ರ ಮಾತ್ರ ಜಾಕೆಟ್ ತೊಗೊಂಡು ಹೇಳಿದ ಜಾಗಕ್ಕ ನಡೀರಿ.

——

ಬಿದ್ರಿಕುಸುರಿ (ಬೀದರ್):

ಊರು ಬಿಟ್ರ ಎರಡು ಲೆಕ್ಕ. ಆ ಬಂದರಿನ ತೆರಿಗಿ, ಶುಲ್ಕ ವಾಪಸ್ ಕೇಳ್ರಿ. ಕಂಪನಿಯಿಂದಲೇ ತೊಗೊಂಡ ಊರು ತೋರಸೋ ಟೂರ್ ಇದ್ರ ಅದರ ರೊಕ್ಕಾನೂ ಬರ್ತದ. ಹೊರಗಿನವರ ಕಡೆ ಬುಕ್ ಮಾಡಿದ್ರ ಅವರ ಕ್ಯಾನ್ಸಲ್ ಷರತ್ತೇ ಗತಿ. ಕ್ಯಾಪ್ಟನ್‌ಗೆ ದಾರಿ ಬದಲಿಸೋ ಹಕ್ಕು ಅದ ಅಂತ ಟಿಕೆಟ್ ಕರಾರಿನಾಗ ಬರದೇ ಇರ್ತದ, ಅದಕ್ಕ ಒಂದು ಊರು ತಪ್ಪಿತು ಅಂತ ಪೂರಾ ಟಿಕೆಟ್ ರೊಕ್ಕ ಕೇಳಿದ್ರ ನಿಲ್ಲಲ್ಲ. ಹಡಗು ಕೆಟ್ಟು ಟ್ರಿಪ್ಪೇ ರದ್ದಾದ್ರ ಮಾತು ಬ್ಯಾರೆ, ಆವಾಗ ಪೂರಾ ರೊಕ್ಕ ಕೇಳ್ರಿ, ಮುಂದಿನ ಟ್ರಿಪ್ಪಿನ ಕೂಪನ್‌ಗೆ ಒಪ್ಪಿ ಸಹಿ ಮಾಡಬ್ಯಾಡ್ರಿ.

ರೈಲಿನ ಮಾತೂ ಹೇಳಿಬಿಡ್ತೀನಿ. ಉದ್ಯಾನ್ ಎಕ್ಸ್‌ಪ್ರೆಸ್, ಹುಸೇನ್ ಸಾಗರ್ ಎರಡೂ ಕಲಬುರಗಿಯಿಂದ ಮುಂಬೈದ ದೊಡ್ಡ ಸ್ಟೇಷನ್ ಸಿಎಸ್‌ಎಂಟಿಗೇ ಹೋಗ್ತಾವ, ಅಲ್ಲಿಂದ ಹಡಗು ಹತ್ತೋ ಬಲ್ಲಾರ್ಡ್ ಪಿಯರ್ ಸುಮಾರು 2 ಕಿ.ಮೀ., ಟ್ಯಾಕ್ಸಿ ಸಾಕು. ಹಿಂದಿನ ದಿನವೇ ಹೋಗ್ರಿ. ರಿಪೇರಿ ತಡ ಆದ್ರ ಹತ್ತೋ ಹೊತ್ತು ಮುಂದ ಹಾಕಿ ಮೆಸೇಜ್ ಕಳಸ್ತಾರ, ಅದಕ್ಕ ಹೋಟೆಲ್ ರೂಮು ಬಿಡೋ ಮೊದಲು ಫೋನ್ ನೋಡ್ರಿ. ಆ ವಯಸ್ಸಾದವರನ್ನ ಟರ್ಮಿನಲ್ಲಿನ ಕುರ್ಚಿ ಮ್ಯಾಲ ಐದು ತಾಸು ಕೂಡಸೋದು ಬ್ಯಾಡ. ವಾಪಸ್ ಬರೋ ರೈಲು ಹಡಗಿಳಿಯೋ ದಿನದ್ದು ಮಾಡಿದ್ರ ರಾತ್ರಿದು ಮಾಡ್ರಿ, ಮಧ್ಯಾಹ್ನದ್ದಂತೂ ಬ್ಯಾಡೇ ಬ್ಯಾಡ.